ಸ್ಕಾಟ್ಲೆಂಡಿನ ಹಳೆ ಪದ್ಯಗಳನ್ನೂ ಚರ್ಚಿನ ಕಾಗದಗಳನ್ನೂ ಉಳಿಸಿದವರು ಯಾರು?

ನೀವು ಕೇಳಿದ್ದು ಇಷ್ಟು: ಸ್ಕಾಟ್ಲೆಂಡಿನ ಹಳೆಯ ಕವಿತೆಗಳು, ಚರ್ಚಿನ ಜಗಳಗಳ ದಾಖಲೆಗಳು ಇಷ್ಟೊಂದು ಉಳಿದಿವೆಯಲ್ಲ, ಕಾಪಾಡಿದ್ದು ಯೂನಿವರ್ಸಿಟಿಗಳೋ, ಚರ್ಚೋ? ಹೆಚ್ಚಿನ ಪಾಲು ಎರಡೂ ಅಲ್ಲ. ಒಬ್ಬ ವ್ಯಾಪಾರಿ, ಒಬ್ಬ ಪಾದ್ರಿ, ಒಬ್ಬ ಕಲ್ಲುಕುಟಿಗ, ಒಬ್ಬ ಪುಸ್ತಕದಂಗಡಿಯವನ ಮಗ. ಇದು ನಿಮ್ಮ ಕೆಲಸ ಅಂತ ಇವರಿಗೆ ಯಾರೂ ಹೇಳಿರಲಿಲ್ಲ. ಆ ಕಾಲದ ಪದ್ಯಗಳನ್ನು ಪದಕೋಶ ಪಕ್ಕದಲ್ಲಿಟ್ಟುಕೊಂಡು ಓದುವ ಚಟ ನನಗಿದೆ, ಹಾಗಾಗಿ ಉತ್ತರ ಸ್ವಲ್ಪ ಉದ್ದ ಆಗಬಹುದು.

ಮೊದಲು ವ್ಯಾಪಾರಿ. ಹೆಸರು ಜಾರ್ಜ್ ಬ್ಯಾನಟೈನ್, ಹುಟ್ಟಿದ್ದು 1545ರಲ್ಲಿ. 1568ರಲ್ಲಿ ಪ್ಲೇಗ್ ಬಂದು ಜನ ಮನೆ ಬಿಟ್ಟು ಹೊರಗೆ ಬರದ ಹಾಗಾಯಿತು. ಅಷ್ಟು ಹೊತ್ತಿಗೆ ಇವನಿಗೆ ಇಪ್ಪತ್ತಮೂರರ ಆಸುಪಾಸು. ಸುಮ್ನೆ ಕೂರಲಿಲ್ಲ, ಸಿಕ್ಕ ಸಿಕ್ಕ ಪದ್ಯಗಳನ್ನೆಲ್ಲ ಕೈಯಲ್ಲಿ ನಕಲು ಮಾಡಿದ. ಪ್ಲೇಗಿನ ಕಾಲದಲ್ಲಿ ಬರೆದದ್ದು ಅಂತ ಅವನೇ ಅದರಲ್ಲಿ ಹೇಳಿಕೊಂಡಿದ್ದಾನೆ. ಪದ್ಯಗಳನ್ನು ಐದು ಭಾಗ ಮಾಡಿದ್ದಾನೆ: ದೇವರ ಪದ್ಯ, ನೀತಿಯ ಪದ್ಯ, ತಮಾಷೆಯ ಪದ್ಯ, ಪ್ರೇಮದ ಪದ್ಯ, ಕೊನೆಗೆ ಕಥೆಗಳು. ಡನ್ಬಾರ್, ಹೆನ್ರಿಸನ್ ಥರದ ದೊಡ್ಡ ಕವಿಗಳೆಲ್ಲ ಇದರಲ್ಲಿದ್ದಾರೆ. ಅಲೆಕ್ಸಾಂಡರ್ ಸ್ಕಾಟ್ ಅನ್ನೋ ಕವಿಯಂತೂ ಇವತ್ತು ನಮಗೆ ಸಿಗುವುದೇ ಹೆಚ್ಚುಕಡಿಮೆ ಈ ಒಂದು ಹಸ್ತಪ್ರತಿಯಿಂದ. ಇದು ಹೋಗಿದ್ದರೆ ಅವನೂ ಹೋಗುತ್ತಿದ್ದ.

ಇಲ್ಲೊಂದು ಸ್ವಾರಸ್ಯ ಇದೆ. 1560ರಲ್ಲಿ ಸ್ಕಾಟ್ಲೆಂಡ್ ಪೋಪನನ್ನು ಬಿಟ್ಟು ಪ್ರೊಟೆಸ್ಟೆಂಟ್ ಆಯಿತು. ಬ್ಯಾನಟೈನ್ ನಕಲು ಮಾಡಿದ ಪದ್ಯಗಳಲ್ಲಿ ಎಷ್ಟೋ ಅದಕ್ಕಿಂತ ಹಿಂದಿನವು, ಕ್ಯಾಥೊಲಿಕ್ ಕಾಲದವು. ಕೆಲವು ಕಡೆ ಮೇರಿ ಮಾತೆಯ ಸ್ತುತಿಯನ್ನು ಹೊಸ ಧರ್ಮಕ್ಕೆ ಹೊಂದುವ ಹಾಗೆ ತಿದ್ದಿಬಿಟ್ಟಿದ್ದಾನೆ. ಉಳಿಸಿದವನೂ ಅವನೇ, ತಿದ್ದಿದವನೂ ಅವನೇ.

ಆದರೆ ತಿದ್ದುಪಡಿಯಲ್ಲಿ ಅವನನ್ನು ಮೀರಿಸಿದವನು ಅಲನ್ ರ‍್ಯಾಮ್ಸೆ. ವಿಗ್ ಮಾಡುತ್ತಿದ್ದವನು ಆಮೇಲೆ ಎಡಿನ್‌ಬರೋದಲ್ಲಿ ಪುಸ್ತಕದಂಗಡಿ ಇಟ್ಟ, ತಾನೇ ಕವಿ ಕೂಡ. 1724ರಲ್ಲಿ ಈ ಹಸ್ತಪ್ರತಿಯಿಂದ ಆರಿಸಿ ಒಂದು ಸಂಕಲನ ತಂದ. ಸತ್ತ ಕವಿಗಳನ್ನು ನೆನೆದು ಡನ್ಬಾರ್ ಬರೆದ ಒಂದು ಪದ್ಯ ಇದೆ. ರ‍್ಯಾಮ್ಸೆ ಅದರ ಕೊನೆಗೆ ತನ್ನದೇ ಸಾಲು ಸೇರಿಸಿದ. ಏನಂತ ಗೊತ್ತಾ? ಇನ್ನೂರು ವರ್ಷ ಆದಮೇಲೆ ಒಬ್ಬ ಹುಡುಗ ಹುಟ್ಟಿ ಬಂದು ನಮ್ಮ ಕೀರ್ತಿಯನ್ನೆಲ್ಲ ಮತ್ತೆ ಎತ್ತಿ ಹಿಡಿಯುತ್ತಾನೆ ಅಂತ! ಆ ಹುಡುಗ ಯಾರು ಅಂತ ಬೇರೆ ಹೇಳಬೇಕಿಲ್ಲ ಅಲ್ವಾ. ನನಗೆ ಇದನ್ನು ಓದಿದಾಗಲೆಲ್ಲ ನಗು ಬರುತ್ತದೆ. ಆದರೂ ಅವನು ಅಚ್ಚು ಹಾಕಿಸಿದ್ದರಿಂದಲೇ ಎಷ್ಟೋ ಜನಕ್ಕೆ ಈ ಪದ್ಯಗಳು ಗೊತ್ತಾದವು. 1770ರಲ್ಲಿ ಲಾರ್ಡ್ ಹೇಲ್ಸ್ ಅನ್ನೋ ನ್ಯಾಯಾಧೀಶ ಇದೇ ಹಸ್ತಪ್ರತಿಯಿಂದ ಇನ್ನೊಂದು ಸಂಕಲನ ತಂದ, ಅದು ಎಷ್ಟೋ ಹುಷಾರಿನ ಕೆಲಸ.

ಇನ್ನು ಪಾದ್ರಿ. ರಾಬರ್ಟ್ ವುಡ್ರೋ, ಗ್ಲಾಸ್ಗೋ ಪಕ್ಕದ ಈಸ್ಟ್‌ವುಡ್‌ನಲ್ಲಿ 1703ರಿಂದ ಸಾಯುವ ತನಕ, ಅಂದರೆ 1734ರ ತನಕ. 1660ರಿಂದ 1688ರವರೆಗೆ ರಾಜನ ಕಡೆಯವರು ಕವನೆಂಟರ್ ಅನ್ನೋ ಪ್ರೆಸ್ಬಿಟೇರಿಯನ್ ಗುಂಪಿಗೆ, ಅಂದರೆ ಚರ್ಚಿನ ಮೇಲೆ ರಾಜನ, ಬಿಷಪ್ಪರ ಅಧಿಕಾರ ಒಪ್ಪದವರಿಗೆ, ಕೊಟ್ಟ ಕಾಟದ ಕಥೆಯನ್ನು ಇವನು ಎರಡು ದೊಡ್ಡ ಸಂಪುಟಗಳಲ್ಲಿ ಬರೆದ, 1721-22ರಲ್ಲಿ ಬಂತು. ಇವನಿಗೆ ಇದು ಮನೆಯ ಕಥೆಯೂ ಹೌದು. 1679ರಲ್ಲಿ ಇವನು ಹುಟ್ಟುವ ಹೊತ್ತಿಗೆ ಅಪ್ಪನನ್ನು ಸೈನಿಕರು ಹುಡುಕುತ್ತಿದ್ದರಂತೆ, ಅಪ್ಪ ಡಾಕ್ಟರ ಆಳಿನ ವೇಷ ಹಾಕಿ ಲಾಟೀನು ಹಿಡಿದು ತಪ್ಪಿಸಿಕೊಂಡ ಅಂತ ಹೇಳುತ್ತಾರೆ. ಹೀಗಿರುವಾಗ ಪುಸ್ತಕ ಒಂದು ಕಡೆಗೆ ವಾಲಿರುವುದು ಸಹಜ. ವುಡ್ರೋನ ಅಭಿಪ್ರಾಯಗಳನ್ನು ನಾನು ಅಷ್ಟಾಗಿ ನಂಬುವುದಿಲ್ಲ, ಆದರೆ ಸರ್ಕಾರದ ಆದೇಶ, ವಾರಂಟ್, ಪತ್ರಗಳನ್ನು ಇದ್ದ ಹಾಗೇ ಪುಸ್ತಕದೊಳಗೆ ತುಂಬಿದ್ದಾನೆ ನೋಡಿ, ಅದಕ್ಕೋಸ್ಕರ ಇವನ ವಿರೋಧಿಗಳೂ ಇವನ ಪುಸ್ತಕವನ್ನೇ ತೆಗೆದು ನೋಡಬೇಕು.

ಅದೇ ಕವನೆಂಟರ್‌ಗಳ ನೆನಪನ್ನು ಉಳಿಸಿದ ಇನ್ನೊಬ್ಬ ರಾಬರ್ಟ್ ಪ್ಯಾಟರ್ಸನ್, ಕಲ್ಲುಕುಟಿಗ. ಹೆಂಡತಿ ಮಕ್ಕಳನ್ನು ಬಿಟ್ಟು, ಊರೂರು ಅಲೆದು, ಸತ್ತವರ ಸಮಾಧಿ ಕಲ್ಲಿನ ಪಾಚಿ ಕೆರೆದು, ಅಳಿಸಿಹೋದ ಅಕ್ಷರಗಳನ್ನು ಉಳಿಯಿಂದ ಮತ್ತೆ ಕೊರೆಯುತ್ತಿದ್ದ. ಕೂಲಿ ಕೇಳುತ್ತಿರಲಿಲ್ಲ. ಹೆಂಡತಿ ಶಾಲೆ ನಡೆಸಿ ಮಕ್ಕಳನ್ನು ಸಾಕಿದಳು, ಮಗನನ್ನು ಕಳಿಸಿ ಕರೆಸಿದರೂ ಈತ ಮನೆಗೆ ಬರಲಿಲ್ಲ. ಇದನ್ನು ತ್ಯಾಗ ಅಂತ ಹೊಗಳುವವರಿದ್ದಾರೆ, ನನ್ನನ್ನು ಕೇಳಿದರೆ ದೊಡ್ಡ ಪಾಲು ಆ ಹೆಂಗಸಿನದು. ವಾಲ್ಟರ್ ಸ್ಕಾಟ್ ಇವನನ್ನು ಡನಾಟರ್ ಚರ್ಚಿನ ಸ್ಮಶಾನದಲ್ಲಿ ಕಂಡಿದ್ದ, ಮುಂದೆ ಒಂದು ಕಾದಂಬರಿಗೆ ಇವನ ಅಡ್ಡಹೆಸರನ್ನೇ ಇಟ್ಟ.

ಸ್ಕಾಟ್ 1823ರಲ್ಲಿ ಬ್ಯಾನಟೈನ್ ಹೆಸರಲ್ಲೇ ಒಂದು ಕ್ಲಬ್ ಕಟ್ಟಿದ. ಹಳೆ ಹಸ್ತಪ್ರತಿಗಳನ್ನು ಅಚ್ಚು ಹಾಕಿಸುವುದೇ ಕೆಲಸ. ಶುರುವಿನಲ್ಲಿ 31 ಜನ ಮಾತ್ರ ಸದಸ್ಯರು, ಆಮೇಲೆ ನೂರು. ಅಚ್ಚಾದ ಪ್ರತಿಗಳೂ ಸದಸ್ಯರ ಲೆಕ್ಕಕ್ಕೆ ತಕ್ಕಷ್ಟೇ, ಅಂದರೆ ಶ್ರೀಮಂತರ ಕಪಾಟಿಗೆ. ಇದು ನನಗೆ ಇಷ್ಟವಾಗದ ಭಾಗ. ಆದರೆ ನಿಜವಾಗಿ ದುಡಿದವನು ಅದರ ಕಾರ್ಯದರ್ಶಿ ಡೇವಿಡ್ ಲೇಂಗ್, 1823ರಿಂದ 1861ರಲ್ಲಿ ಕ್ಲಬ್ ಮುಚ್ಚುವ ತನಕ ಒಬ್ಬನೇ. ಅಪ್ಪನ ಪುಸ್ತಕದಂಗಡಿಯಲ್ಲಿ ಹುಡುಗನಾಗಿದ್ದಾಗಲೇ ಕೆಲಸಕ್ಕೆ ನಿಂತವನು. 1837ರಲ್ಲಿ ಎಡಿನ್‌ಬರೋದ ಸಿಗ್ನೆಟ್ ಲೈಬ್ರರಿಗೆ ಗ್ರಂಥಪಾಲನಾದ. ಡನ್ಬಾರ್, ಹೆನ್ರಿಸನ್ ಪದ್ಯಗಳು, ಚರ್ಚ್ ಸುಧಾರಣೆಯ ನಾಯಕ ಜಾನ್ ನಾಕ್ಸ್‌ನ ಬರಹಗಳು ಆರು ಸಂಪುಟ, ಎಲ್ಲ ಇವನ ಸಂಪಾದನೆ. ನಾಕ್ಸ್ ಮುಗಿಸಲು 1846ರಿಂದ 1864ರ ತನಕ ಹಿಡಿಯಿತು, ಮಧ್ಯದಲ್ಲಿ ಇದಕ್ಕೆ ಕೈಹಾಕಿದ್ದ ವುಡ್ರೋ ಹೆಸರಿನ ಸಂಘವೇ ನಿಂತುಹೋಯಿತು, ಇವನು ಬಿಡಲಿಲ್ಲ. 1878ರಲ್ಲಿ ತೀರಿಕೊಂಡ. ಹಸ್ತಪ್ರತಿಗಳನ್ನು ಎಡಿನ್‌ಬರೋ ಯೂನಿವರ್ಸಿಟಿಗೆ ಬರೆದುಕೊಟ್ಟಿದ್ದ, ಪುಸ್ತಕಗಳು ಹರಾಜಾಗಿ ಚೆದುರಿಹೋದವು.

ನಮ್ಮ ಕಡೆಗೂ ಒಂದು ಎಳೆ ಇದೆ. ಜಾನ್ ಲೇಡನ್ ಅಂತ ಒಬ್ಬ, ಪಾದ್ರಿಯಾಗಲು ಓದಿ, ಸ್ಕಾಟ್ ಜೊತೆ ಗಡಿನಾಡಿನ ಲಾವಣಿಗಳನ್ನು ಸಂಗ್ರಹಿಸಿ, 1801ರಲ್ಲಿ ಒಂದು ಹಳೆಯ ಸ್ಕಾಟ್ಸ್ ಗದ್ಯಗ್ರಂಥವನ್ನು ಸಂಪಾದಿಸಿ, ಆಮೇಲೆ ಅವಸರದಲ್ಲಿ ಡಾಕ್ಟರಿಕೆ ಕಲಿತು 1803ರಲ್ಲಿ ಮದ್ರಾಸಿಗೆ ಬಂದ. ಮೈಸೂರು ಸೀಮೆಯ ಸರ್ವೆ ತಂಡಕ್ಕೆ ಸೇರಿ ಇಲ್ಲೆಲ್ಲ ಓಡಾಡಿದ್ದಾನೆ, ಕಾಯಿಲೆ ಬಿದ್ದು ಶ್ರೀರಂಗಪಟ್ಟಣದಲ್ಲೂ ಇದ್ದ. 1811ರಲ್ಲಿ ಜಾವಾದಲ್ಲಿ ಸತ್ತ, ವಯಸ್ಸು ಮೂವತ್ತೈದು.

ಓದಬೇಕು ಅನ್ನಿಸಿದರೆ, ಆ ಕ್ಲಬ್ಬಿನ ಪುಸ್ತಕಗಳನ್ನು ಈಗ ಸ್ಕಾಟ್ಲೆಂಡಿನ ನ್ಯಾಷನಲ್ ಲೈಬ್ರರಿಯವರು ಸ್ಕ್ಯಾನ್ ಮಾಡಿ ಪುಕ್ಕಟೆ ಇಟ್ಟಿದ್ದಾರೆ, ಬ್ಯಾನಟೈನ್ ಹಸ್ತಪ್ರತಿ ಇರುವುದೂ ಅವರ ಹತ್ತಿರವೇ. ಹೆನ್ರಿಸನ್‌ನ ಪ್ರಾಣಿಗಳ ಕಥೆಗಳಿಂದ ಶುರು ಮಾಡಿ, ಅವು ಜಾಸ್ತಿ ಸತಾಯಿಸುವುದಿಲ್ಲ. ವುಡ್ರೋನನ್ನು ಮೊದಲೇ ಕೈಗೆ ತೆಗೆದುಕೊಳ್ಳಬೇಡಿ.