ದಿನವೂ ಬರೆದರೆ ಯೋಚನೆ ತಿಳಿಯಾಗುತ್ತದೆಯೇ?

ದಿನಚರಿ ಬರೆಯುವುದರಿಂದ ಕೆಲಸಕ್ಕೆ ಉಪಯೋಗವಿದೆಯೇ ಎಂಬ ಪ್ರಶ್ನೆಗೆ, ಇದೆ ಎಂದೇ ನನ್ನ ಉತ್ತರ. ಮನಸ್ಸು ಒಮ್ಮೆಗೆ ಹಿಡಿದಿಟ್ಟುಕೊಳ್ಳಬಲ್ಲ ಸಂಗತಿಗಳು ಬಹಳ ಕಡಿಮೆ. 1956ರಲ್ಲಿ ಮನೋವಿಜ್ಞಾನಿ ಜಾರ್ಜ್ ಮಿಲ್ಲರ್ ಅದನ್ನು ಏಳರ ಆಸುಪಾಸು ಎಂದರು, ನಂತರದ ಸಂಶೋಧಕರು ನಾಲ್ಕಕ್ಕೆ ಇಳಿಸಿದರು. ಕಾಗದದ ಮೇಲಿರುವುದನ್ನು ತಲೆಯಲ್ಲಿ ಹೊರಬೇಕಾಗಿಲ್ಲವಾದ್ದರಿಂದ, ಒಂದಕ್ಕೊಂದು ಇರುವ ಸಂಬಂಧವನ್ನು ನೋಡಲು ಬಿಡುವು ಸಿಗುತ್ತದೆ.

ಶಿಡ್ಲಘಟ್ಟದ ಬಳಿ ರೇಷ್ಮೆ ಹುಳು ಸಾಕುವ ನಮ್ಮ ಮನೆಯಲ್ಲಿ ಒಂದು ಬೆಳೆ ಕೆಟ್ಟಾಗ, ತಂದ ಚಾಕಿಯೇ (ಸಾಕಲು ತರುವ ಮರಿಹುಳುಗಳೇ) ಸರಿಯಿಲ್ಲವೆಂದು ಎಲ್ಲರೂ ದೂರಿದೆವು. ಹುಳು ನಾಲ್ಕನೇ ಜ್ವರದಿಂದ (ಪೊರೆ ಕಳಚುವಾಗಿನ ನಿದ್ದೆಯಿಂದ) ಎದ್ದ ದಿನ, ಸೊಪ್ಪು ಹಾಕಿದ ಹೊತ್ತು, ಹುಳುಮನೆಯ ಉಷ್ಣಾಂಶ ಇವನ್ನೆಲ್ಲ ನಾನು ನೋಟ್‌ಬುಕ್ಕಿನಲ್ಲಿ ಗೀಚಿಟ್ಟಿದ್ದೆ. ಮೂರು ಬೆಳೆಗಳ ಪುಟಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಾಗ, ಕೆಟ್ಟ ಬೆಳೆಗೆ ಮಾತ್ರ ಮಳೆಯಲ್ಲಿ ನೆನೆದ ಸೊಪ್ಪನ್ನು ಎರಡು ದಿನ ಆರಿಸದೆ ಹಾಕಿದ್ದು ಕಣ್ಣಿಗೆ ಬಿತ್ತು. ಬಾಯಲ್ಲಿ ದೂರುವುದು ಸುಲಭ. ಅದನ್ನೇ ಬರೆಯಹೊರಟರೆ ‘ಹೇಗೆ ಗೊತ್ತು?’ ಎಂಬ ಮರುಪ್ರಶ್ನೆ ಏಳುತ್ತದೆ.

ಬರೆದು ಮುಚ್ಚಿಟ್ಟರೆ ಮಾತ್ರ ಅರ್ಧ ಲಾಭವೂ ಇಲ್ಲ, ವಾರಕ್ಕೊಮ್ಮೆ ತಿರುಗಿ ಓದಬೇಕು. ದಿನಕ್ಕೆ ನಾಲ್ಕು ಸಾಲು ಸಾಕು, ಅಂದದ ಅಕ್ಷರವೂ ಬೇಕಿಲ್ಲ (ನನ್ನದು ಕೆಲವೊಮ್ಮೆ ನನಗೇ ಓದಲಾಗುವುದಿಲ್ಲ), ಆದರೆ ತಾರೀಖು ಹಾಕುವುದನ್ನು ಮರೆಯಬೇಡಿ.