ಅಮೆರಿಕದಲ್ಲಿ ಸರ್ಕಾರಿ ಜಮೀನಿನಡಿ ಇಂಗಾಲದ ಡೈಆಕ್ಸೈಡ್ ತುಂಬಿಡಲು ಏನು ಬೇಕು? ಅದು ಸೋರುವುದಿಲ್ಲವೇ?

ಅನುಮತಿ ಎರಡು ಬೇಕು. ಜಮೀನು ಮತ್ತು ಅದರಡಿಯ ಬಂಡೆರಂಧ್ರಗಳ ಬಳಕೆಗೆ ಕೇಂದ್ರದ ಭೂ ನಿರ್ವಹಣಾ ಇಲಾಖೆ 'ರೈಟ್ ಆಫ್ ವೇ' (ಬಳಕೆಯ ಹಕ್ಕು) ಕೊಡುತ್ತದೆ. 2022ರಲ್ಲಿ ಇದಕ್ಕೆ ಮಾರ್ಗಸೂಚಿ ಬಂತು. ಅನಿಲ ತುಂಬುವ ಬಾವಿಗೆ ಪರಿಸರ ಸಂರಕ್ಷಣಾ ಸಂಸ್ಥೆಯ 'ಕ್ಲಾಸ್ 6' (ಇಂಥ ಬಾವಿಗಳ ವರ್ಗದ ಹೆಸರು) ಪರವಾನಗಿ ಬೇಕು. ವಯೋಮಿಂಗ್, ನಾರ್ತ್ ಡಕೋಟಗಳಲ್ಲಿ ಇದನ್ನು ರಾಜ್ಯವೇ ಕೊಡುತ್ತದೆ.

ಆಳ ಸಾಮಾನ್ಯವಾಗಿ 800 ಮೀಟರ್‌ಗಿಂತ ಹೆಚ್ಚು. 31 ಡಿಗ್ರಿ ಸೆಲ್ಸಿಯಸ್, 74 ಬಾರ್ ಒತ್ತಡ ದಾಟಿದ ಅನಿಲ ಅಲ್ಲಿ ಹೆಚ್ಚುಕಮ್ಮಿ ದ್ರವದಷ್ಟು ಸಾಂದ್ರವಾಗಿ, ಕಡಿಮೆ ಜಾಗದಲ್ಲಿ ಕೂರುತ್ತದೆ. ಕೆಳಗೆ ಉಪ್ಪುನೀರು ತುಂಬಿದ ಮರಳುಗಲ್ಲು ಇರಬೇಕು, ಮೇಲೆ ಬಿರುಕಿಲ್ಲದ ಜೇಡಿಗಲ್ಲಿನ ಮುಚ್ಚಳ.

ಸೋರಬಹುದು. ನನ್ನ ಲೆಕ್ಕದಲ್ಲಿ ಭಯಪಡಬೇಕಾದದ್ದು ಬಂಡೆಗಿಂತ ಮನುಷ್ಯ ಕೊರೆದ ತೂತುಗಳಿಗೆ. ಅನಿಲ ನೀರಿಗೆ ಸೇರಿದರೆ ಕಾರ್ಬಾನಿಕ್ ಆಮ್ಲ. ಅದು ಬಾವಿಯ ಉಕ್ಕು, ಸಿಮೆಂಟ್ ಎರಡನ್ನೂ ತಿನ್ನುತ್ತದೆ. ಇಲಿನಾಯ್‌ನ ಡಿಕೇಟರ್‌ನಲ್ಲಿ ಹೀಗೆ ಅನಿಲ ತುಂಬುವ ತಾಣದ (ಅದು ಸರ್ಕಾರಿ ಜಮೀನಲ್ಲ) ನಿಗಾ ಬಾವಿಯೊಂದರ ಉಕ್ಕು ಸವೆದು, ದ್ರವ ಬೇರೆ ಪದರಕ್ಕೆ ನುಗ್ಗಿದ್ದು 2024ರಲ್ಲಿ ಬಯಲಾಯಿತು. ಆದ್ದರಿಂದ ಸುತ್ತಲಿನ ಹಳೆಯ ತೈಲಬಾವಿಗಳನ್ನು ಹುಡುಕಿ, ಸರಿಯಾಗಿ ಮುಚ್ಚಿರದಿದ್ದರೆ ಮತ್ತೆ ಮುಚ್ಚಬೇಕು. ತುಂಬುವ ಒತ್ತಡ ಬಂಡೆ ಬಿರಿಯುವ ಒತ್ತಡದ ಶೇ. 90 ಮೀರಬಾರದು. ತುಂಬುವುದು ನಿಂತ ಮೇಲೂ, ವಿನಾಯಿತಿ ಸಿಗದಿದ್ದರೆ, 50 ವರ್ಷ ನಿಗಾ ಕಡ್ಡಾಯ.