ತಾರಸಿಯ ಸೋಲಾರ್, ಎಲ್ಲೂರಿನ ಕಲ್ಲಿದ್ದಲು, ತೋಟದ ಮೇಲಿನ ತಂತಿ: ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಪ್ರಶ್ನೆ: ನಮ್ಮ ಮನೆಗೂ ಸಮುದ್ರಕ್ಕೂ ಒಂದು ಕಿಲೋಮೀಟರ್ ಸಹ ಇಲ್ಲ. ತಾರಸಿಯ ಮೇಲೆ ಮಳೆಗೆಂದು ಶೀಟು ಹಾಕಿಸಿದ್ದೇವೆ. ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್ ಸೋಲಾರ್ ಹಾಕಿಸಿ ಎಂದು ಏಜೆನ್ಸಿಯವರು ದುಂಬಾಲು ಬಿದ್ದಿದ್ದಾರೆ. ತಿಂಗಳಿಗೆ 260–280 ಯೂನಿಟ್ ಖರ್ಚಾಗುತ್ತದೆ. ಮಳೆಗಾಲದಲ್ಲಿ ಕರೆಂಟು ಹೋದಾಗಲೂ ಆಧಾರವಾದೀತು ಎಂಬ ಆಸೆ. ಹಾಕಿಸಬಹುದೇ?
– ಸುರತ್ಕಲ್‌ನ ಓದುಗರು

ಉತ್ತರ: ಹಾಕಿಸಿ. ಆದರೆ ಕೊನೆಯ ಆಸೆಯನ್ನು ಈಗಲೇ ಬಿಟ್ಟುಬಿಡಿ. ಈ ಯೋಜನೆಯಲ್ಲಿ ಸಾಮಾನ್ಯವಾಗಿ ಹಾಕುವುದು ಗ್ರಿಡ್‌ಗೆ (ಸಾರ್ವಜನಿಕ ವಿದ್ಯುತ್ ಜಾಲಕ್ಕೆ) ಜೋಡಿಸಿದ ವ್ಯವಸ್ಥೆ. ಮೆಸ್ಕಾಂ ಲೈನ್ ಸತ್ತ ಕ್ಷಣವೇ ಅದರ ಇನ್ವರ್ಟರ್ (ಪ್ಯಾನೆಲ್‌ನ ಕರೆಂಟನ್ನು ಮನೆಬಳಕೆಗೆ ಬದಲಿಸುವ ಪೆಟ್ಟಿಗೆ) ಕೂಡ ಬಂದ್ ಆಗುತ್ತದೆ, ನೆತ್ತಿಯ ಮೇಲೆ ಸುಡುಬಿಸಿಲಿದ್ದರೂ ಸರಿಯೇ. ಇದು ದೋಷವಲ್ಲ, ಬೇಕೆಂದೇ ಮಾಡಿದ ಏರ್ಪಾಡು. ಗಾಳಿಮಳೆಗೆ ಬಿದ್ದ ತಂತಿ ಸರಿಪಡಿಸಲು ಕಂಬ ಹತ್ತಿದ ಲೈನ್‌ಮ್ಯಾನ್‌ಗೆ ನಿಮ್ಮ ಮನೆಯಿಂದ ಹಿಮ್ಮುಖವಾಗಿ ಬಂದ ಕರೆಂಟು ಹೊಡೆಯಬಾರದಲ್ಲ! ಕರೆಂಟಿಲ್ಲದಾಗಲೂ ಉರಿಯಬೇಕಾದರೆ ಬ್ಯಾಟರಿ, ಅದನ್ನು ಜೋಡಿಸಬಹುದಾದ ಹೈಬ್ರಿಡ್ ಇನ್ವರ್ಟರ್ ಬೇಕು. ಸಬ್ಸಿಡಿಯ ಲೆಕ್ಕ ಪ್ಯಾನೆಲ್‌ನ ಕಿಲೋವ್ಯಾಟ್ ಮೇಲೆ, ಬ್ಯಾಟರಿಗೆ ಪ್ರತ್ಯೇಕವಾಗಿ ಏನೂ ಸಿಗದು. ಮನೆಯಲ್ಲಿ ಈಗಾಗಲೇ ಯುಪಿಎಸ್ ಇದ್ದರೆ ಅದು ಹಾಗೇ ಇರಲಿ.

ಈಗ ಹಣದ ಮಾತು. 2024ರ ಫೆಬ್ರವರಿಯಲ್ಲಿ ಶುರುವಾದ ಈ ಯೋಜನೆಯಲ್ಲಿ ಮೊದಲ 2 ಕಿಲೋವ್ಯಾಟ್‌ಗೆ ತಲಾ 30,000, ಮೂರನೆಯದಕ್ಕೆ 18,000, ಒಟ್ಟು 78,000 ರೂಪಾಯಿ ಕೇಂದ್ರದ ಸಹಾಯಧನ. ಅದರ ಮೇಲೆ ಎಷ್ಟು ಕಿಲೋವ್ಯಾಟ್ ಹಾಕಿದರೂ ಅಷ್ಟೇ. ಒಂದು ಕಿಲೋವ್ಯಾಟ್ ಒಳ್ಳೆಯ ಬಿಸಿಲಿಗೆ ದಿನಕ್ಕೆ ನಾಲ್ಕು ಯೂನಿಟ್ ಕೊಟ್ಟೀತು. ಮಾರ್ಚಿನಲ್ಲಿ ಅದಕ್ಕಿಂತ ತುಸು ಹೆಚ್ಚೇ. ಆದರೆ ನಮ್ಮ ಆಟಿ ತಿಂಗಳನ್ನು ಮರೆಯಬೇಡಿ. ಜುಲೈ ಒಂದರಲ್ಲೇ ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಸುರಿಯುವ ಊರಿದು. ಆಗ ಮಾರ್ಚಿನ ಅರ್ಧ ಬಂದರೆ ಹೆಚ್ಚು, ಕೆಲವು ದಿನ ಅದೂ ಇಲ್ಲ. ಏಜೆನ್ಸಿಯವರು ತೋರಿಸುವ 'ದಿನಕ್ಕೆ ಇಷ್ಟು, ವರ್ಷಕ್ಕೆ 365 ಪಟ್ಟು' ಲೆಕ್ಕ ರಾಜಸ್ಥಾನಕ್ಕೆ ಸರಿ. ಕರಾವಳಿಯಲ್ಲಿ 3 ಕಿಲೋವ್ಯಾಟ್‌ನಿಂದ ವರ್ಷಕ್ಕೆ 3,500ರಿಂದ 4,000 ಯೂನಿಟ್ ಎಂದಿಟ್ಟುಕೊಳ್ಳಿ. ನಿಮ್ಮ ಖರ್ಚು ವರ್ಷಕ್ಕೆ 3,100ರಿಂದ 3,400 ಯೂನಿಟ್; ಅಷ್ಟಕ್ಕೆ ಯೂನಿಟ್‌ಗೆ ಸುಮಾರು 6 ರೂಪಾಯಿಯಂತೆ ವರ್ಷಕ್ಕೆ ಸುಮಾರು 19ರಿಂದ 20 ಸಾವಿರ ಉಳಿತಾಯ. ಸಬ್ಸಿಡಿ ಕಳೆದು ನಿಮ್ಮ ಕೈಯಿಂದ ಒಂದೂಕಾಲು ಲಕ್ಷದೊಳಗೆ ಹೋದರೆ ಆರೇಳು ವರ್ಷಕ್ಕೆ ಹಣ ವಾಪಸ್.

ಇದು ನಿಮ್ಮಂತೆ ತಿಂಗಳಿಗೆ 200 ಯೂನಿಟ್ ದಾಟುವವರ ಲೆಕ್ಕ. ಗೃಹಜ್ಯೋತಿಯಲ್ಲಿ ಶೂನ್ಯ ಬಿಲ್ ಪಡೆಯುವ ಪಕ್ಕದ ಮನೆಯವರು ನಿಮ್ಮನ್ನು ನೋಡಿ ಸಾಲ ಮಾಡಿ ಹಾಕಿಸಿದರೆ ಉಳಿಸುವುದಕ್ಕೆ ಬಿಲ್ಲೇ ಇಲ್ಲ. ಕೇಂದ್ರ ಸರಕಾರ ಚಾವಣಿ ಸೋಲಾರ್‌ಗೆ ಪ್ರೋತ್ಸಾಹ ಕೊಡುವುದು, ರಾಜ್ಯ ಸರಕಾರ ಕರೆಂಟನ್ನೇ ಉಚಿತ ಕೊಡುವುದು: ಎರಡೂ ಒಂದೇ ಮೀಟರಿನ ಮೇಲೆ ಬಂದು ಕುಳಿತಾಗ ಒಂದು ಇನ್ನೊಂದರ ಕಾಲೆಳೆಯುತ್ತದೆ. ಎರಡೂ ಕಡೆಯವರು ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ.

ನಿಮ್ಮ ವಿಷಯದಲ್ಲಿ ನನಗೆ ಹೆಚ್ಚು ಚಿಂತೆ ಉಪ್ಪುಗಾಳಿಯದ್ದು. ಏಜೆನ್ಸಿಯವರು ಪ್ಯಾನೆಲ್‌ನ 25 ವರ್ಷದ ವಾರಂಟಿ ತೋರಿಸುತ್ತಾರೆ, ಆದರೆ ನಮ್ಮಲ್ಲಿ ಮೊದಲು ಕೈಕೊಡುವುದು ಬೋಲ್ಟು. ಸ್ಟೇನ್‌ಲೆಸ್ ಸ್ಟೀಲ್‌ನಲ್ಲೂ 316 ದರ್ಜೆಯದ್ದೇ ಬೇಕೆಂದು ಬರೆಸಿಕೊಳ್ಳಿ. ಪ್ಯಾನೆಲ್‌ಗೆ ಉಪ್ಪುಮಂಜಿನ ಪರೀಕ್ಷೆ ಆಗಿರುವ ಪ್ರಮಾಣಪತ್ರ ಕೇಳಿ. ಸಬ್ಸಿಡಿಗೆ ದೇಶೀಯವಾಗಿ ತಯಾರಾದ ಪ್ಯಾನೆಲ್ಲೇ ಆಗಬೇಕೆಂಬ ನಿಯಮವೂ ಇದೆ. ಇನ್ವರ್ಟರನ್ನು ಪಡುವಣ ಗೋಡೆಗೆ ಹಾಕಿಸಬೇಡಿ. ಶೀಟಿನ ಕೆಳಗಿರುವ ಕಬ್ಬಿಣದ ಪೈಪಿನ ವೆಲ್ಡಿಂಗ್ ಜಾಗಗಳನ್ನು ಏಣಿ ಹತ್ತಿ ನೀವೇ ನೋಡಿ. ಬಣ್ಣ ಉಬ್ಬಿದ್ದರೆ ಬೆರಳಿನಿಂದ ಕೆದಕಿ, ಹಾಳೆಹಾಳೆಯಾಗಿ ತುಕ್ಕು ಉದುರಿದರೆ ಮೊದಲು ಅದರ ರಿಪೇರಿ, ಆಮೇಲೆ ಸೋಲಾರ್. ಆರು ಪ್ಯಾನೆಲ್‌ಗಳ ಭಾರ ದೊಡ್ಡದಲ್ಲ, ಇನ್ನೂರು ಕಿಲೋದೊಳಗೆ. ಭಯ ಇರುವುದು ಗಾಳಿ ಅಡಿಯಿಂದ ಹೊಕ್ಕು ಶೀಟುಸಮೇತ ಎತ್ತುವುದರದ್ದು. ತೂತು ಕೊರೆಯುವುದು ಶೀಟಿನ ಉಬ್ಬಿನಲ್ಲೇ ಆಗಬೇಕು, ನೀರು ಹರಿಯುವ ತಗ್ಗಿನಲ್ಲಿ ಕೊರೆದರೆ ಮೊದಲ ಮಳೆಗೇ ಸೋರುತ್ತದೆ. ತೆಂಗಿನಮರದ ನೆರಳು ಎಲ್ಲಿ ಬೀಳುತ್ತದೆಂದು ಬೆಳಗ್ಗೆ, ಮಧ್ಯಾಹ್ನ, ಸಂಜೆ ನೋಡಿಕೊಳ್ಳಿ. ಒಂದು ಗರಿಯ ನೆರಳು ಸಾಲಿನ ಇತರ ಪ್ಯಾನೆಲ್‌ಗಳ ಉತ್ಪಾದನೆಯನ್ನೂ ತಗ್ಗಿಸಬಲ್ಲದು.

(ಹಳೆಯ ಮಂಗಳೂರು ಹಂಚಿನ ಮಾಡಿನವರಿಗೆ: ಹಂಚಿನ ಮೇಲೆ ಕೂರಿಸುವ ಸಾಹಸ ಬೇಡ. ಬಾವಿಕಟ್ಟೆ ಬದಿಯಲ್ಲೋ ಅಂಗಳದ ಚಪ್ಪರದ ಮೇಲೋ ಜಾಗ ನೋಡಿ.)

ಪ್ರಶ್ನೆ: ದೇಶದ ವಿದ್ಯುತ್ ಸಾಮರ್ಥ್ಯದಲ್ಲಿ ಅರ್ಧ ಶುದ್ಧ ಇಂಧನದ್ದು ಎಂದು ಸರಕಾರ ಹೇಳುತ್ತಿದೆ. ಹಾಗಾದರೆ ಎಲ್ಲೂರಿನ ಸ್ಥಾವರ ಇನ್ನೂ ಯಾಕೆ ಕಲ್ಲಿದ್ದಲು ಉರಿಸುತ್ತಿದೆ?
– ಪಡುಬಿದ್ರಿಯ ಓದುಗರು

ಉತ್ತರ: ಸರಕಾರ ಹೇಳುತ್ತಿರುವುದು ಸುಳ್ಳಲ್ಲ. 2025ರ ಜೂನ್ ಕೊನೆಗೆ ದೇಶದ ಒಟ್ಟು ಸ್ಥಾಪಿತ ಸಾಮರ್ಥ್ಯ ಸುಮಾರು 485 ಗಿಗಾವ್ಯಾಟ್. ಅದರಲ್ಲಿ ಸೌರ, ಗಾಳಿ, ಜಲ, ಅಣು ಎಲ್ಲ ಸೇರಿ ಅರ್ಧ ದಾಟಿತು. 2030ಕ್ಕೆಂದು ಇಟ್ಟುಕೊಂಡಿದ್ದ ಗುರಿ ಐದು ವರ್ಷ ಮೊದಲೇ ಕೈಗೂಡಿತು. ಆದರೆ ಅದು ಸಾಮರ್ಥ್ಯದ ಲೆಕ್ಕ. ನಿಜವಾಗಿ ಉತ್ಪಾದನೆಯಾಗುವ ಯೂನಿಟ್‌ಗಳಲ್ಲಿ ನೂರಕ್ಕೆ ಎಪ್ಪತ್ತರ ಆಸುಪಾಸು ಈಗಲೂ ಕಲ್ಲಿದ್ದಲಿನದ್ದು. ಪಾವಗಡದ 2,050 ಮೆಗಾವ್ಯಾಟ್ ಸೌರ ಪಾರ್ಕ್ ಸಂಜೆ ಆರೂವರೆಗೆ ಸೊನ್ನೆ. ನಾವು ಮನೆಗೆ ಬಂದು ಲೈಟು, ಎಸಿ, ಗೀಸರ್ ಹಾಕುವುದು ಆಮೇಲೆಯೇ.

ಎಲ್ಲೂರಿನ 1,200 ಮೆಗಾವ್ಯಾಟ್ ಸ್ಥಾವರಕ್ಕೆ ಬರುವುದು ಆಮದು ಕಲ್ಲಿದ್ದಲು. ಅದು ಪಣಂಬೂರು ಬಂದರಿನಲ್ಲಿ ಇಳಿದು ರೈಲಿನಲ್ಲಿ ಬರುತ್ತದೆ. ದುಬಾರಿ ಕಲ್ಲಿದ್ದಲಾದ್ದರಿಂದ, ಜಲಾಶಯ ತುಂಬಿ ಗಾಳಿಯಂತ್ರ ಜೋರಾಗಿ ತಿರುಗುವ ಮಳೆಗಾಲದಲ್ಲಿ ರಾಜ್ಯ ಇಂಥ ಸ್ಥಾವರಗಳಿಂದ ಕಡಿಮೆ ಕೊಳ್ಳುತ್ತದೆ. ಬೇಸಿಗೆಯಲ್ಲಿ ಮತ್ತೆ ಅವುಗಳ ಮುಂದೆಯೇ ಕೈಯೊಡ್ಡುತ್ತದೆ. ಒಪ್ಪಂದ ಇರುವಷ್ಟು ಕಾಲ, ಸಜ್ಜಾಗಿರುವ ಸ್ಥಾವರದಿಂದ ಕೊಂಡರೂ ಕೊಳ್ಳದಿದ್ದರೂ ನಿಗದಿತ ಶುಲ್ಕ ಕೊಡಲೇಬೇಕು, ಅದು ನಮ್ಮ ಬಿಲ್ಲಿಗೇ ಬರುತ್ತದೆ.

ಹಾಗಾಗಿ ಇನ್ನು ಮುಂದಿನ ಪ್ರಶ್ನೆ ಪ್ಯಾನೆಲ್‌ನದ್ದಲ್ಲ, ಹಗಲಿನ ಕರೆಂಟನ್ನು ರಾತ್ರಿಗೆ ಕೂಡಿಡುವುದರದ್ದು. ಬೇಕೆಂದಾಗ ನೀರು ಬಿಟ್ಟು ಚಾಲೂ ಮಾಡಬಹುದಾದ ವಾರಾಹಿಯ 460 ಮೆಗಾವ್ಯಾಟ್ ಭೂಗತ ವಿದ್ಯುದಾಗಾರ ಸಂಜೆಯ ಹೊತ್ತಿಗೆ ಚಿನ್ನ. ಶರಾವತಿಯಲ್ಲಿ ತಲಕಳಲೆ–ಗೇರುಸೊಪ್ಪೆ ನಡುವೆ 2,000 ಮೆಗಾವ್ಯಾಟ್‌ನ ಪಂಪ್ಡ್ ಸ್ಟೋರೇಜ್ (ಕರೆಂಟು ಹೆಚ್ಚಿದ್ದಾಗ ನೀರನ್ನು ಮೇಲಕ್ಕೆತ್ತಿಟ್ಟು, ಬೇಕಾದಾಗ ಕೆಳಕ್ಕೆ ಬಿಟ್ಟು ಕರೆಂಟು ಪಡೆಯುವ) ಯೋಜನೆ ತರಲು ಹೊರಟಿರುವುದೂ ಇದಕ್ಕಾಗಿಯೇ. ಆದರೆ ಅದು ಸಿಂಗಳೀಕಗಳ ಕಾಡು. ಬ್ಯಾಟರಿಯ ಬೆಲೆ ವರ್ಷವರ್ಷವೂ ಇಳಿಯುತ್ತಿರುವಾಗ ಆ ಕಾಡಿನಲ್ಲಿ ಸುರಂಗ ಕೊರೆಯುವ ಅವಸರ ನನಗಂತೂ ಒಪ್ಪಿಗೆಯಿಲ್ಲ.

ಪ್ರಶ್ನೆ: ಮಲ್ಪೆಯಲ್ಲಿ ಇಷ್ಟು ಗಾಳಿ ಬೀಸುತ್ತದೆ. ಸಮುದ್ರದಲ್ಲಿ ಗಾಳಿಯಂತ್ರ ನಿಲ್ಲಿಸಬಾರದೇ?
– ಮಲ್ಪೆಯ ಓದುಗರು

ಉತ್ತರ: ನಮ್ಮಲ್ಲಿ ಗಾಳಿ ಜೋರಾಗಿರುವುದು ಮಳೆಗಾಲದ ಮೂರ್ನಾಲ್ಕು ತಿಂಗಳು. ಆಗ ರಾಜ್ಯಕ್ಕೆ ನೀರಿನಿಂದಲೂ ಬಯಲುಸೀಮೆಯ ಗಾಳಿಯಿಂದಲೂ ಕರೆಂಟು ಇದ್ದೇ ಇರುತ್ತದೆ. ಕೇಂದ್ರ ಸರಕಾರ 2024ರಲ್ಲಿ ಸಮುದ್ರದ ಗಾಳಿಯಂತ್ರಗಳಿಗೆ 7,453 ಕೋಟಿ ರೂಪಾಯಿಯ ನೆರವು ಘೋಷಿಸಿದ್ದು ಗುಜರಾತ್ ಮತ್ತು ತಮಿಳುನಾಡಿಗಾಗಿ. ಸದ್ಯಕ್ಕೆ ಮೀನುಗಾರರು ಬಲೆಯ ದಾರಿಯ ಬಗ್ಗೆ ಆತಂಕಪಡಬೇಕಿಲ್ಲ.

ಪ್ರಶ್ನೆ: ಉಡುಪಿ–ಕಾಸರಗೋಡು 400 ಕೆವಿ ಲೈನ್ ನಮ್ಮ ಅಡಿಕೆ ತೋಟದ ಮೇಲೆ ಹೋಗುತ್ತದಂತೆ. ಶುದ್ಧ ಇಂಧನ ಬರಬೇಕಾದರೆ ಲೈನ್ ಬೇಕು ಎನ್ನುತ್ತಾರೆ. ನೆಲದಡಿ ಕೇಬಲ್ ಯಾಕೆ ಹಾಕುವುದಿಲ್ಲ?
– ಕಾರ್ಕಳ ತಾಲೂಕಿನ ಓದುಗರು

ಉತ್ತರ: ಲೈನ್ ಬೇಕೆಂಬುದು ನಿಜ. ಬಿಸಿಲಿರುವುದು ಪಾವಗಡದಲ್ಲಿ, ಗಾಳಿಯಿರುವುದು ಗದಗ, ಚಿತ್ರದುರ್ಗದಲ್ಲಿ, ಕರೆಂಟು ಬೇಕಿರುವುದು ಇನ್ನೆಲ್ಲೋ. ಆದರೆ ಎಲ್ಲೂರಿನಿಂದ ಹೊರಡುವ ಈ ಲೈನಿಗೆ 'ಶುದ್ಧ ಇಂಧನ' ಎಂಬ ಚೀಟಿ ಅಂಟಿಸುವ ಮುಂಚೆ, ಆ ಗ್ರಿಡ್‌ನಲ್ಲಿ ಹರಿಯುವುದರಲ್ಲಿ ಕಲ್ಲಿದ್ದಲಿನ ಕರೆಂಟೂ ಇದೆ ಎನ್ನುವುದು ನೆನಪಿರಲಿ.

400 ಕೆವಿ ಲೈನ್‌ಗೆ ಸುಮಾರು 46 ಮೀಟರ್ ಅಗಲದ ಜಾಗ ಬೇಕು. ಅದರಡಿ ಭತ್ತ ಬೆಳೆಯಬಹುದು, ಅಡಿಕೆ–ತೆಂಗು ನಿಲ್ಲಿಸುವಂತಿಲ್ಲ. ಕೇಂದ್ರ ವಿದ್ಯುತ್ ಸಚಿವಾಲಯದ 2024ರ ಜೂನ್ ಮಾರ್ಗಸೂಚಿಯ ಪ್ರಕಾರ ಗೋಪುರದ ಬುಡದ ಜಾಗಕ್ಕೆ ಭೂಮಿಯ ಮೌಲ್ಯದ ಶೇ. 200, ತಂತಿಯಡಿಯ ಪಟ್ಟಿಗೆ ಶೇ. 30 ಪರಿಹಾರ. ಮರಗಳ ಪರಿಹಾರ ಬೇರೆ. ತೋಟವನ್ನೇ ನಂಬಿದವರಿಗೆ ಆ ಶೇ. 30 ಏನೇನೂ ಸಾಲದು, ಯಾಕೆಂದರೆ ಭೂಮಿ ನಿಮ್ಮ ಹೆಸರಿನಲ್ಲೇ ಉಳಿದರೂ ಆದಾಯ ಉಳಿಯುವುದಿಲ್ಲ. ಮೌಲ್ಯವನ್ನು ಸಬ್ ರಿಜಿಸ್ಟ್ರಾರ್ ದರದಲ್ಲಿ ಲೆಕ್ಕ ಹಾಕುತ್ತಾರೋ ಮಾರುಕಟ್ಟೆ ದರದಲ್ಲೋ ಎಂಬುದನ್ನು ಜಿಲ್ಲಾಧಿಕಾರಿಗಳಿಂದ ಲಿಖಿತವಾಗಿ ಪಡೆಯಿರಿ. ಮರಗಳ ಎಣಿಕೆಗೆ ಬಂದಾಗ ಪ್ರತಿ ಮರದ ವಯಸ್ಸು, ಫಸಲು ಬರೆಸಿ, ಫೋಟೋ ತೆಗೆದಿಟ್ಟುಕೊಳ್ಳಿ.

ನೆಲದಡಿ ಕೇಬಲ್ ಅಸಾಧ್ಯವೇನಲ್ಲ. ತಮಿಳುನಾಡಿನ ಪುಗಲೂರಿನಿಂದ ಕೇರಳದ ತ್ರಿಶ್ಶೂರಿಗೆ 2021ರಲ್ಲಿ ಚಾಲೂ ಆದ 2,000 ಮೆಗಾವ್ಯಾಟ್ ಲೈನ್ ಕೇರಳದೊಳಗೆ ಕೊನೆಯ ಇಪ್ಪತ್ತೈದಕ್ಕೂ ಹೆಚ್ಚು ಕಿಲೋಮೀಟರ್ ನೆಲದಡಿಯೇ ಹೋಗುತ್ತದೆ, ಜಾಗ ಸಿಗದ್ದೇ ಅದಕ್ಕೆ ಮುಖ್ಯ ಕಾರಣ. ಆದರೆ ಅದು ಡಿಸಿ, ಅಂದರೆ ಒಂದೇ ದಿಕ್ಕಿಗೆ ಹರಿಯುವ ಕರೆಂಟು. ಎರಡೂ ತುದಿಗೆ ದುಬಾರಿ ಪರಿವರ್ತನಾ ಕೇಂದ್ರ ಬೇಕು. ನಿಮ್ಮಲ್ಲಿ ಬರುವುದು ಎಸಿ, ಅಂದರೆ ದಿಕ್ಕು ಬದಲಿಸುತ್ತಲೇ ಇರುವ ಕರೆಂಟು. ಎಸಿ ಕೇಬಲನ್ನು ಅಷ್ಟು ಉದ್ದ ಹೂತರೆ ಕೇಬಲ್ ತನ್ನನ್ನೇ ಚಾರ್ಜ್ ಮಾಡಿಕೊಳ್ಳುವುದರಲ್ಲಿ ಸಾಮರ್ಥ್ಯದ ದೊಡ್ಡ ಪಾಲು ಕಳೆದುಹೋಗುತ್ತದೆ, ಖರ್ಚೂ ಹಲವು ಪಟ್ಟು. ಪೂರ್ತಿ ಲೈನ್ ನೆಲದಡಿ ಹಾಕಿ ಎಂದು ಕೇಳಿದರೆ ಈ ಉತ್ತರ ಕೊಟ್ಟು ಕಳಿಸುತ್ತಾರೆ. ತೋಟ ದಟ್ಟವಾಗಿರುವ ಕೆಲವೇ ಕಿಲೋಮೀಟರ್‌ಗಳಿಗೆ ಕೇಬಲ್, ಇಲ್ಲವೇ ಗೋಪುರ ಎತ್ತರಿಸಿ ಮರ ಉಳಿಸುವ ವಿನ್ಯಾಸ ಕೇಳಿ. ಅದಕ್ಕೆ ತಾಂತ್ರಿಕ ನೆಪ ಹೇಳುವುದು ಅಷ್ಟು ಸುಲಭವಲ್ಲ.